ಮರುಭೂಮಿ ಬರೀ ಮರಳಲ್ಲ, ಮಕ್ಕಳಿಗೆ ತೋರಿಸಿ

“ಮರುಭೂಮಿಯಲ್ಲಿ ಎಂತ ಉಂಟು ಮಾರಾಯ್ರೆ, ಬರೀ ಮರಳು” ಎನ್ನುವವರೇ ನಮ್ಮಲ್ಲಿ ಹೆಚ್ಚು. ದುಬೈ, ಶಾರ್ಜಾದಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರಲ್ಲೂ ಎಷ್ಟೋ ಮಂದಿಗೆ ಅಲ್ಲಿನ ಒಂದು ಗಿಡದ ಹೆಸರು ಗೊತ್ತಿರುವುದಿಲ್ಲ. ಅಲ್ಲೇ ಬೆಳೆಯುವ ಅವರ ಮಕ್ಕಳಿಗಾದರೂ ಆ ನೆಲದ ಪರಿಚಯ ಬೇಡವೇ?

ಇದಕ್ಕೆ ದೊಡ್ಡ ಪುಸ್ತಕ ಬೇಕಾಗಿಲ್ಲ. ಚಳಿಗಾಲದಲ್ಲಿ ಮರಳುಗಾಡಿನಲ್ಲಿ ಟೆಂಟ್ ಹಾಕುವ ಕುಟುಂಬಗಳು ಹೀಗೆ ಮಾಡಿ ನೋಡಲಿ. ಮಗ್ರಿಬ್‌ಗೆ ಮುಂಚೆ ಒಂದು ಪೊದೆಯ ಪಕ್ಕ ಚಾಪೆಯಷ್ಟು ಜಾಗದ ಮರಳನ್ನು ಮಕ್ಕಳಿಂದಲೇ ಸಪಾಟು ಮಾಡಿಸಿ. ಬೆಳಿಗ್ಗೆ ಗಾಳಿ ಏಳುವ ಮೊದಲು ಹೋಗಿ ನೋಡಿ. ಜೀರುಂಡೆ ನಡೆದ ದಾರಿ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ. ಮರಳಿಲಿ ಜಿಗಿದಲ್ಲಿ ಜೋಡಿ ಗುರುತು ಇರುತ್ತದೆ. ಭಾಗ್ಯ ಇದ್ದರೆ ನರಿಯ ಹೆಜ್ಜೆಯೂ ಸಿಗಬಹುದು. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಲಿ.

ಮಧ್ಯಾಹ್ನ ಥರ್ಮಾಮೀಟರನ್ನು ಮರಳಿನ ಮೇಲೊಮ್ಮೆ, ಒಂದು ಗೇಣು ಆಳದಲ್ಲೊಮ್ಮೆ ಇಟ್ಟು ನೋಡಲಿ. ಪ್ರಾಣಿಗಳು ಹಗಲು ಬಿಲದಲ್ಲಿದ್ದು ರಾತ್ರಿ ಹೊರಡುವುದು ಏಕೆಂದು ಆಗ ತಾನಾಗಿ ಅರ್ಥವಾಗುತ್ತದೆ. ರಾತ್ರಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ. ಆದರೆ ಕಾಲಿಗೆ ಬೂಟು ಇರಲಿ, ಬಿಲಕ್ಕೆ ಯಾರೂ ಕೈ ಹಾಕಬಾರದು. ಅಲ್ಲಿ ವಿಷದ ಹಾವುಗಳೂ ಉಂಟು.

ಯುಎಇಯ ರಾಷ್ಟ್ರೀಯ ಮರ ಘಾಫ್. ನಮ್ಮ ಬಯಲುಸೀಮೆಯ ಬನ್ನಿ ಮರ ಎಂದರೆ ಅದುವೇ. ಬೇರು ತುಂಬಾ ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಅದರ ನೆರಳಿನಲ್ಲಿ ಅರ್ಧ ಗಂಟೆ ಕೂತು, ಬಂದುಹೋಗುವ ಹಕ್ಕಿ, ಹುಳಗಳನ್ನು ಮಕ್ಕಳು ಪಟ್ಟಿ ಮಾಡಲಿ.

ದೊಡ್ಡ ಪ್ರಾಣಿಗಳನ್ನು ನೋಡಲು ಶಾರ್ಜಾದ ಡೆಸರ್ಟ್ ಪಾರ್ಕಿನಲ್ಲಿ ಅರೇಬಿಯಾದ ವನ್ಯಜೀವಿ ಕೇಂದ್ರವಿದೆ. ಅರಬಿಗಳು ‘ಮಹಾ’ ಎನ್ನುವ ಬಿಳಿ ಓರಿಕ್ಸ್‌ನ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. ಬೇಟೆಯಿಂದಾಗಿ 1972ರಲ್ಲಿ ಅದು ಕಾಡಿನಿಂದಲೇ ಅಳಿದುಹೋಗಿತ್ತು. ಮೃಗಾಲಯಗಳಲ್ಲಿ ಉಳಿದಿದ್ದವುಗಳ ಸಂತತಿ ಬೆಳೆಸಿ 1982ರಲ್ಲಿ ಒಮಾನ್‌ನಲ್ಲಿ ಮತ್ತೆ ಬಿಟ್ಟರು. ಮನುಷ್ಯ ಕೆಡಿಸಿದ್ದನ್ನು ಮನುಷ್ಯನೇ ಸ್ವಲ್ಪವಾದರೂ ಸರಿಪಡಿಸಬಹುದು ಎಂಬುದಕ್ಕೆ ಇದು ಸಾಕ್ಷಿ.

ಈಗಿನ ದೊಡ್ಡ ಅಪಾಯ ನಮ್ಮ ಪಿಕ್ನಿಕ್ ಚೀಲದಲ್ಲೇ ಇದೆ. ದುಬೈಯ ಕೇಂದ್ರ ಪಶುವೈದ್ಯ ಸಂಶೋಧನಾ ಪ್ರಯೋಗಾಲಯದವರು 2008ರಿಂದ ಪರೀಕ್ಷಿಸಿದ ಸುಮಾರು 30,000 ಸತ್ತ ಒಂಟೆಗಳಲ್ಲಿ 300ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟು ಸಿಕ್ಕಿದೆ. ಒಂದೊಂದು ಗಂಟು 64 ಕಿಲೋವರೆಗೆ ತೂಗಿದೆ. ಹೊಟ್ಟೆ ತುಂಬಿದೆ ಎಂದು ಭ್ರಮಿಸಿ ಒಂಟೆ ಮೇವು ಬಿಡುತ್ತದೆ, ಹಸಿದೇ ಸಾಯುತ್ತದೆ.

ಆದ್ದರಿಂದ ಕೊನೆಯ ಪಾಠ ಇದು: ಹೊರಡುವ ಮುಂಚೆ ಪ್ರತಿ ಮಗುವಿನ ಕೈಗೂ ಒಂದು ಗೋಣಿಚೀಲ ಕೊಡಿ. ನಾವು ತಂದ ಕಸ, ಬೇರೆಯವರು ಬಿಟ್ಟ ಕಸ ಎರಡನ್ನೂ ಹೆಕ್ಕಿಸಿ ಗಾಡಿಗೆ ಹಾಕಿ. ಹೆಜ್ಜೆ ಗುರುತು ನೋಡಿ ಪ್ರಾಣಿಯ ಪರಿಚಯ ಮಾಡಿಕೊಂಡ ಮಗು, ಮುಂದೆ ಆ ಪ್ರಾಣಿಯ ದಾರಿಗೆ ಪ್ಲಾಸ್ಟಿಕ್ ಎಸೆಯಲಿಕ್ಕಿಲ್ಲ.