ಮೊದಲ ಮಣೆ ಯಾಕೆ ಸೀಳುತ್ತೆ? ಮನೆಯಲ್ಲೇ ಮರಗೆಲಸಕ್ಕೆ ಇಳಿದವರಿಗೆ ಒಂದಿಷ್ಟು

ಹೋದ ವರ್ಷ ಆಗಸ್ಟ್‌ನಲ್ಲಿ, ಜಿಟಿಜಿಟಿ ಮಳೆಯ ಒಂದು ಭಾನುವಾರ, ನಾನೊಂದು ಮಣೆ ಮಾಡಿದೆ. ಊಟಕ್ಕೆ ಕೂರುವ ಮಣೆ. ಒಂದಡಿ ಅಗಲದ ಹಲಸಿನ ಹಲಗೆ, ಅದರ ಅಡಿಗೆ ಅಡ್ಡಡ್ಡ ಎರಡು ಪಟ್ಟಿ, ಅಷ್ಟೇ. ಗಟ್ಟಿಯಾಗಿರಲಿ ಅಂತ ಪಟ್ಟಿಗಳ ಉದ್ದಕ್ಕೂ ಗೋಂದು ಬಳಿದು, ಕೆಳಗಿನಿಂದ ತಲಾ ನಾಲ್ಕು ಸ್ಕ್ರೂ ಬಿಗಿದೆ. ಫೋಟೊ ಮನೆಮಂದಿಯ ವಾಟ್ಸ್‌ಆ್ಯಪ್ ಗ್ರೂಪಿಗೂ ಹೋಯಿತು. ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ 'ಟಕ್' ಅಂತ ಸದ್ದಾಯಿತು. ಹೋಗಿ ನೋಡಿದರೆ ಹಲಗೆ ನಟ್ಟನಡುವೆ ಸೀಳಿದೆ. ಅದರ ಮೇಲೆ ಯಾರೂ ಕೂತಿರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಅಂಗಡಿ ಇಟ್ಟಿರುವ ಆಚಾರ್ರ ಹತ್ತಿರ ಒಯ್ದೆ. ಮಗುಚಿ ತಳ ನೋಡಿದರು. "ಗೋಂದೂ ಹಾಕಿ, ಸ್ಕ್ರೂನೂ ಹಾಕಿ ಕಟ್ಟಿಹಾಕಿಬಿಟ್ಟಿದ್ದೀರಲ್ಲ ಸಾರ್. ಮಳೆಗಾಲದಲ್ಲಿ ಮಾಡಿದ್ರಾ?" ಅಂದರು. ಮಣೆಯ ತಳ ನೋಡಿ ಅವರಿಗೆ ಮಳೆಗಾಲ ಹೇಗೆ ಗೊತ್ತಾಯಿತು ಅನ್ನೋದನ್ನು ವಿವರಿಸೋದು ಈ ಬರಹದ ಅರ್ಧ ಕೆಲಸ. ಆ ತಿಳಿವಳಿಕೆಗೆ ನಾವು ಎಷ್ಟು ಬೆಲೆ ಕೊಡ್ತಿದ್ದೀವಿ ಅನ್ನೋದು ಇನ್ನರ್ಧ.

ಮನೆಯಲ್ಲೇ ಮರದ ಸಾಮಾನು ಮಾಡುವ ಹುಚ್ಚು ಹಿಡಿದವರು ನಗರಗಳಲ್ಲಿ ಈಗ ಸಾಕಷ್ಟು ಸಿಗುತ್ತಾರೆ. ಹುಚ್ಚು ಒಳ್ಳೆಯದೇ. ದಿನವಿಡೀ ಪರದೆ ನೋಡುವವರಿಗೆ ಕೈಯಲ್ಲಿ ಮುಟ್ಟಬಹುದಾದ ಒಂದು ವಸ್ತು ಮಾಡಿ ಮುಗಿಸುವ ಸುಖ ಸಣ್ಣದಲ್ಲ. ಆದರೆ ಬಹುತೇಕರ ಕತೆ ಶುರುವಾಗೋದು ಯೂಟ್ಯೂಬ್‌ನಿಂದ. ಅಲ್ಲಿ ಹತ್ತು ನಿಮಿಷದಲ್ಲಿ ಮೇಜು ಎದ್ದು ನಿಲ್ಲುತ್ತೆ. ನೋಡಿದವರು ಮೊದಲು ಡ್ರಿಲ್, ಆಮೇಲೆ ಸರ್ಕ್ಯುಲರ್ ಸಾ, ಆಮೇಲೆ ರೌಟರ್ ತರಿಸಿ ಬಾಲ್ಕನಿ ತುಂಬಿಸುತ್ತಾರೆ. ಮರದ ಬಗ್ಗೆ ಯೋಚಿಸೋದು ಕೊನೆಗೆ. ಆ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವು ಅನ್ನೋದನ್ನು ಮರೆಯುತ್ತೇವೆ. ಅಲ್ಲಿ ಅಂಗಡಿಯಲ್ಲಿ ಸಿಗುವ ಹಲಗೆ ಸಾಮಾನ್ಯವಾಗಿ ಕುಲುಮೆಯಲ್ಲಿ ಒಣಗಿಸಿ, ನುಣುಪು ಮಾಡಿಟ್ಟ ಹಲಗೆ. ನಮ್ಮ ಸಾಮಿಲ್‌ನಲ್ಲಿ ಮರದ ದಿಮ್ಮಿ ಮೊನ್ನೆ ತಾನೇ ಬಂದಿರಬಹುದು, ನಿಮ್ಮ ಕಣ್ಣೆದುರೇ ಕೊಯ್ದು ಕೊಡಬಹುದು.

ಹಲಗೆಯೊಳಗಿನ ನೀರು

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತೆ. ಒಂದು, ಜೀವಕೋಶಗಳ ಟೊಳ್ಳಿನಲ್ಲಿ. ಇನ್ನೊಂದು, ಕೋಶದ ಗೋಡೆಗಳಲ್ಲಿ. ಒಣಗುವಾಗ ಮೊದಲು ಟೊಳ್ಳಿನ ನೀರು ಹೋಗುತ್ತೆ. ಆಗ ಮರ ಹಗುರವಾಗುತ್ತೆ, ಆದರೆ ಅಳತೆ ಬದಲಾಗಲ್ಲ. ತೇವಾಂಶ ಸುಮಾರು ಶೇ. 30ಕ್ಕೆ ಬಂದಾಗ ಟೊಳ್ಳು ಖಾಲಿ. ಅಲ್ಲಿಂದ ಕೆಳಗೆ ಗೋಡೆಗಳೇ ಒಣಗಲು ಶುರುವಾಗಿ ಮರ ಕುಗ್ಗುತ್ತೆ.

ಹೊಸಬರಿಗೆ ಗೊತ್ತಿರಬೇಕಾದ ಮುಖ್ಯ ಸಂಗತಿ ಏನೆಂದರೆ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗಲ್ಲ. ಎಳೆಯ ಉದ್ದಕ್ಕೆ ಕುಗ್ಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತೆ. ಅದರಲ್ಲೂ ವಾರ್ಷಿಕ ಉಂಗುರಗಳ ಗುಂಟ ಕುಗ್ಗುವಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗಲ್ಲ, ಸುಮಾರು ಅರ್ಧದಷ್ಟು. ಹಲಗೆ ದೋಣಿಯ ಹಾಗೆ ಬಾಗೋದು ಈ ವ್ಯತ್ಯಾಸದಿಂದಲೇ. ಸಾಗುವಾನಿಗೆ ಯಾಕಿಷ್ಟು ಬೆಲೆ ಅಂದರೆ ಗೆದ್ದಲು ತಿನ್ನಲ್ಲ ಅನ್ನೋದು ಒಂದು ಕಾರಣ, ಇಷ್ಟು ಕಡಿಮೆ ಕುಗ್ಗುತ್ತೆ ಅನ್ನೋದು ಇನ್ನೊಂದು. ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ಉಂಗುರದ ಗುಂಟ ಸುಮಾರು ಶೇ. 6ರಷ್ಟು ಕುಗ್ಗುತ್ತೆ. ಬೇರೆ ಎಷ್ಟೋ ಮರಗಳಲ್ಲಿ ಇದು ಶೇ. 8 ದಾಟುತ್ತೆ.

ಒಣಗಿತು ಅಂದ ಮಾತ್ರಕ್ಕೆ ಕತೆ ಮುಗಿಯಲ್ಲ. ಒಣಗಿದ ಮರವೂ ಗಾಳಿಯಿಂದ ತೇವ ಹೀರುತ್ತೆ, ಗಾಳಿಗೆ ಬಿಡುತ್ತೆ. ಮಳೆಗಾಲದಲ್ಲಿ ಬಚ್ಚಲ ಬಾಗಿಲು ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗೋದು ಎಲ್ಲರ ಮನೆಯಲ್ಲೂ ಗೊತ್ತಿರೋ ವಿಷಯ. ಒಂದಡಿ ಅಗಲದ ಸಾಧಾರಣ ಹಲಗೆಯ ತೇವಾಂಶ ಶೇ. 15ರಿಂದ 10ಕ್ಕೆ ಇಳಿದರೆ ಅಗಲದಲ್ಲಿ ಮೂರ್ನಾಲ್ಕು ಮಿಲಿಮೀಟರ್ ಕಡಿಮೆಯಾಗಬಹುದು. ನನ್ನ ಮಣೆಯ ಹಲಗೆ ಫೆಬ್ರವರಿಯಲ್ಲಿ ಅಷ್ಟು ಕುಗ್ಗಲು ನೋಡಿತು. ಅಡಿಯಲ್ಲಿದ್ದ ಪಟ್ಟಿಗಳ ಎಳೆ ಅಡ್ಡ ದಿಕ್ಕಿನದು, ಅವು ಆ ಕಡೆಗೆ ಕುಗ್ಗಲ್ಲ. ಗೋಂದು ಬಿಡಲಿಲ್ಲ, ಸ್ಕ್ರೂ ಬಿಡಲಿಲ್ಲ. ಕೊನೆಗೆ ಬಿಟ್ಟುಕೊಟ್ಟಿದ್ದು ಹಲಗೆ.

ಹಾಗಾದರೆ ಅಜ್ಜಿಮನೆಯ ಮಣೆಗಳು ಯಾಕೆ ಸೀಳಲಿಲ್ಲ? ಹಳೆಯ ಮಣೆಯೊಂದು ಸಿಕ್ಕರೆ ಮಗುಚಿ ನೋಡಿ. ಕೆಲವದರಲ್ಲಿ ತಳಕ್ಕೆ ಅಡ್ಡ ತೋಡು ತೋಡಿ, ಪಟ್ಟಿಯನ್ನು ಪಕ್ಕದಿಂದ ತೂರಿಸಿರುತ್ತಾರೆ. ತೋಡಿನ ಬಾಯಿ ಕಿರಿದು, ಒಳಗೆ ಅಗಲ. ಹಾಗಾಗಿ ಪಟ್ಟಿ ಕೆಳಗೆ ಬೀಳಲ್ಲ, ಆದರೆ ಹಲಗೆ ಅದರ ಮೇಲೆ ಜಾರಾಡಬಹುದು. ಹಳೇ ಬಾಗಿಲುಗಳಲ್ಲೂ ಇದೇ ಉಪಾಯ. ನಡುವಿನ ಅಗಲ ಹಲಗೆಯನ್ನು ಚೌಕಟ್ಟಿನ ತೋಡಿನೊಳಗೆ ಗೋಂದಿಲ್ಲದೆ ಕೂರಿಸಿರುತ್ತಾರೆ, ಹಿಗ್ಗಲು ಕುಗ್ಗಲು ಜಾಗ ಬಿಟ್ಟು. ಚೆಂದಕ್ಕೆ ಮಾಡಿದ್ದು ಅಂತ ನಾವು ಅಂದುಕೊಳ್ಳುವ ಎಷ್ಟೋ ವಿನ್ಯಾಸ ಹುಟ್ಟಿದ್ದು ಹೀಗೆ. ಆಚಾರ್ರು ನನ್ನ ಮಣೆಗೆ ಮಾಡಿದ್ದು ಇದಕ್ಕಿಂತ ಸರಳ. ಪಟ್ಟಿ ಎಬ್ಬಿಸಿ, ಸೀಳನ್ನು ಗೋಂದು ಹಾಕಿ ಕೂಡಿಸಿ, ನಡುವಿನ ಒಂದು ಸ್ಕ್ರೂ ಮಾತ್ರ ಬಿಗಿ ಮಾಡಿದರು. ಆಚೀಚೆಯ ಸ್ಕ್ರೂಗಳಿಗೆ ಪಟ್ಟಿಯಲ್ಲಿ ದುಂಡಗಿನ ತೂತಿನ ಬದಲು ಉದ್ದುದ್ದ ತೂತು ಕೊರೆದರು. ಅರ್ಧ ಗಂಟೆಯ ಕೆಲಸ.

ಮರ ಎಷ್ಟು ಒಣಗಿರಬೇಕು ಅನ್ನೋದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 287. ಗಾಳಿಯ ತೇವದ ಲೆಕ್ಕದಲ್ಲಿ ಅದು ದೇಶವನ್ನು ನಾಲ್ಕು ವಲಯ ಮಾಡಿಕೊಂಡಿದೆ, ಯಾಕೆಂದರೆ ಮಂಗಳೂರಿಗೆ ಸರಿಹೋಗುವ ಮೇಜು ಕಲಬುರಗಿಗೆ ಸರಿಹೋಗಲೇಬೇಕು ಅಂತಿಲ್ಲ. ತೇವ ಅಳೆಯುವ ಮೀಟರ್ ಇಲ್ಲದವರಿಗೂ ಒಂದು ದಾರಿ ಇದೆ. ಹಲಗೆ ತಂದು, ನಡುನಡುವೆ ಕಡ್ಡಿ ಇಟ್ಟು, ಗಾಳಿಯಾಡುವ ಹಾಗೆ ಮನೆಯೊಳಗೇ ಪೇರಿಸಿಡಿ. ಒಂದು ಹಲಗೆಯನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯೋದು ನಿಂತ ಮೇಲೆ ಕೆಲಸ ಶುರು ಮಾಡಿ. ಉತ್ಸಾಹ ಇರುವವರಿಗೆ ಇದು ಬಹಳ ಕಷ್ಟದ ಸಲಹೆ ಅನ್ನೋದು ನನಗೆ ಗೊತ್ತು.

ಯಾವ ಮರ, ಎಷ್ಟು ಮರ

ಸಾಮಿಲ್‌ನಲ್ಲಿ ಲೆಕ್ಕ ಘನ ಅಡಿಯಲ್ಲಿ, ಬಾಯಿಮಾತಲ್ಲಿ 'ಸಿಎಫ್‌ಟಿ'. ಒಂದು ಘನ ಅಡಿ ಅಂದರೆ 1,728 ಘನ ಇಂಚು. ಮೂರಡಿ ಉದ್ದ, ಒಂದಡಿ ಅಗಲದ ಸಣ್ಣ ಬೆಂಚ್ ಮಾಡ್ತೀರಿ ಅಂದುಕೊಳ್ಳಿ. ಕೂರುವ ಹಲಗೆ 36×12×1 ಇಂಚು, ಅಂದರೆ 432. ಕಾಲಿನ ಬದಲು ಎರಡು ಹಲಗೆ, ತಲಾ 16×12×1, ಸೇರಿ 384. ನಡುವೆ ಕಾಲುಗಳನ್ನು ಹಿಡಿಯುವ ಪಟ್ಟಿ 32×4×1, ಅಂದರೆ 128. ಒಟ್ಟು 944 ಘನ ಇಂಚು, ಅರ್ಧ ಸಿಎಫ್‌ಟಿಗಿಂತ ಸ್ವಲ್ಪ ಜಾಸ್ತಿ. ಗಂಟು, ಸೀಳು, ಕೊಯ್ತದ ನಷ್ಟ ಅಂತ ಮುಕ್ಕಾಲು ಸಿಎಫ್‌ಟಿ ತನ್ನಿ. ಒಂದಿಂಚಿನ ಹಲಗೆ ರಂದಾ ಹೊಡೆದು ನುಣುಪಾಗುವ ಹೊತ್ತಿಗೆ ಮುಕ್ಕಾಲು ಇಂಚು ಉಳಿಯುತ್ತೆ ಅನ್ನೋದನ್ನೂ ಮರೀಬೇಡಿ.

ಮೊದಲ ಕೆಲಸಕ್ಕೆ ಸಾಗುವಾನಿ ಬೇಡ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಅಗ್ಗ, ಕೊಯ್ಯಲು ಮೃದು. ಹಳೇ ಮನೆ ಒಡೆದಾಗ ಸಿಗುವ ತೊಲೆ, ಬಾಗಿಲುಗಳು ಇನ್ನೂ ಒಳ್ಳೆಯವು. ದಶಕಗಳ ಕಾಲ ಒಣಗಿರುತ್ತವೆ. ಆದರೆ ಒಳಗೆ ಮುರಿದುಕೊಂಡ ಮೊಳೆ ಇದ್ದೇ ಇರುತ್ತೆ, ಗರಗಸ ಹಾಕುವ ಮುಂಚೆ ಅಯಸ್ಕಾಂತ ಆಡಿಸಿ ನೋಡಿ. ವಿದೇಶದಿಂದ ಸರಕು ಹೊತ್ತು ಬಂದ ಪ್ಯಾಲೆಟ್ ಒಡೆದು ಬಳಸೋದಾದರೆ ಅದರ ಮೇಲಿನ ಮುದ್ರೆ ಓದಿ. 'ಎಚ್‌ಟಿ' ಅಂತಿದ್ದರೆ ಶಾಖ ಕೊಟ್ಟು ಹುಳ ಕೊಂದಿದ್ದಾರೆ. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಅದನ್ನು ಮನೆಗೆ ತರಬೇಡಿ. ಪ್ಲೈವುಡ್ ಹಿಗ್ಗಿ ಕುಗ್ಗುವ ತಲೆನೋವು ಬಹುತೇಕ ತಪ್ಪಿಸುತ್ತೆ. ಅದರ ಪದರಗಳ ಎಳೆ ಒಂದಕ್ಕೊಂದು ಅಡ್ಡ, ಹಾಗಾಗಿ ಒಂದನ್ನು ಇನ್ನೊಂದು ಹಿಡಿದಿಡುತ್ತೆ.

ಅಲ್ಲಾಡುವ ಸ್ಟೂಲಿನ ಸಮಸ್ಯೆ ಬೇರೆ. ನಾಲ್ಕು ಪಟ್ಟಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಆಯತ ಮಾಡಿ, ತಳ್ಳಿ ನೋಡಿ. ವಾಲುತ್ತೆ. ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಹೊಡೆಯಿರಿ, ಅಲ್ಲಾಡಲ್ಲ. ತ್ರಿಕೋನ ತನ್ನ ಆಕಾರ ಬಿಡಲ್ಲ, ಅಷ್ಟೇ. ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1974ರಲ್ಲಿ 'ಆಟೊಪ್ರೊಜೆಟಾಜಿಯೋನೆ' ಅಂತ ಒಂದು ಕೆಲಸ ಮಾಡಿದರು. ಹಲಗೆ, ಮೊಳೆ, ಸುತ್ತಿಗೆ ಇದ್ದರೆ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಮೇಜು, ಕುರ್ಚಿ, ಮಂಚಗಳ ನಕ್ಷೆ. ಅಂಚೆ ಖರ್ಚು ಕಳಿಸಿದವರಿಗೆಲ್ಲ ನಕ್ಷೆ ಕಳಿಸಿದರು. ಕಾರ್ಖಾನೆಗಳು, ವ್ಯಾಪಾರಿಗಳು ಮಾತ್ರ ಬಳಸಕೂಡದು ಅಂದರು. ಆ ಮೇಜುಗಳ ಅಡಿಯಲ್ಲಿ ಓರೆ ಪಟ್ಟಿಗಳು ಎದ್ದು ಕಾಣುತ್ತವೆ, ಮುಚ್ಚಿಟ್ಟಿಲ್ಲ. ಜನ ಅಗ್ಗದ ಪೀಠೋಪಕರಣ ಮಾಡಿಕೊಳ್ಳಲಿ ಅನ್ನೋದು ಅವರ ಗುರಿ ಆಗಿರಲಿಲ್ಲ. ಕೈಯಾರೆ ಒಂದು ಮೇಜು ಮಾಡಿದವರು ಆಮೇಲೆ ಅಂಗಡಿಗೆ ಹೋದಾಗ ಅಲ್ಲಿನ ಮೇಜನ್ನು ಬೇರೆ ಕಣ್ಣಿಂದ ನೋಡುತ್ತಾರೆ ಅನ್ನೋದು ಅವರ ಎಣಿಕೆ. ನನ್ನ ಮಟ್ಟಿಗೆ ಅದು ನಿಜವಾಗಿದೆ. ಈಗ ಅಂಗಡಿಯಲ್ಲಿ ಮೇಜಿನ ಮೇಲ್ಭಾಗಕ್ಕಿಂತ ಮೊದಲು ಬಗ್ಗಿ ತಳ ನೋಡ್ತೀನಿ. ಮಾರಾಟದ ಹುಡುಗರು ವಿಚಿತ್ರವಾಗಿ ನೋಡ್ತಾರೆ.

ನಮ್ಮ ಭಾನುವಾರ, ಅವರ ಸೋಮವಾರ

ಅಮೆರಿಕದ ಮೂವರು ಸಂಶೋಧಕರು 2012ರಲ್ಲಿ 'ಐಕಿಯಾ ಎಫೆಕ್ಟ್' ಅಂತ ಒಂದು ಪ್ರಬಂಧ ಪ್ರಕಟಿಸಿದರು. ತಾವೇ ಜೋಡಿಸಿದ ಪೆಟ್ಟಿಗೆ, ತಾವೇ ಮಡಚಿದ ಕಾಗದದ ಗೊಂಬೆಗೆ ಜನ ಎಷ್ಟು ಬೆಲೆ ಕಟ್ಟುತ್ತಾರೆ ಅಂತ ನೋಡಿದರು. ಹೊಸಬರು ತಮ್ಮ ಸೊಟ್ಟ ಗೊಂಬೆಗೆ ಹೆಚ್ಚುಕಡಿಮೆ ನುರಿತವರ ಗೊಂಬೆಯಷ್ಟೇ ಬೆಲೆ ಕಟ್ಟಿದರು. ಬೇರೆಯವರೂ ಅಷ್ಟೇ ಕೊಡುತ್ತಾರೆ ಅಂತ ನಂಬಿದ್ದರು. ಕೆಲಸ ಅರ್ಧಕ್ಕೆ ನಿಂತರೆ ಮಾತ್ರ ಈ ಮೋಹ ಇರಲಿಲ್ಲ. ಬಾಲ್ಕನಿಯಲ್ಲಿ ಅರ್ಧ ಕೊಯ್ದ ಹಲಗೆಗಳ ಮೇಲೆ ಯಂತ್ರಗಳು ದೂಳು ತಿನ್ನುತ್ತಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಕಾಡಿದ್ದು ಇದರ ಇನ್ನೊಂದು ಮಗ್ಗುಲು. ನನ್ನ ಮೂರು ಭಾನುವಾರಕ್ಕೆ ನಾನು ಬೆಲೆಯೇ ಕಟ್ಟಲಾರೆ. ಅದೇ ನಾನು, ಮನೆಗೆ ಕಪಾಟು ಮಾಡಿಸುವಾಗ ಆಚಾರ್ರ ಒಂದು ದಿನದ ಕೂಲಿಗೆ ನೂರು ರೂಪಾಯಿ ಚೌಕಾಸಿ ಮಾಡಿದವನು. ಹಿಂದೆ ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಬಡಗಿಯೂ ಒಬ್ಬ. ನೇಗಿಲು, ನೊಗ ಮಾಡಿಕೊಟ್ಟಿದ್ದಕ್ಕೆ ಸುಗ್ಗಿಯಲ್ಲಿ ಕಾಳು ಸಿಗುತ್ತಿತ್ತು. ಜಾತಿಗೆ ಕಟ್ಟಿದ ಆ ವ್ಯವಸ್ಥೆ ಹೋಯಿತು, ಅದಕ್ಕೆ ಯಾರೂ ಅಳಬೇಕಿಲ್ಲ. ಆದರೆ ಅದರ ಜಾಗಕ್ಕೆ ಬಂದಿದ್ದೇನು? ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಒಳಗೆಲಸದಲ್ಲಿ ಈಗ ರಾಜಸ್ಥಾನ, ಉತ್ತರ ಪ್ರದೇಶ, ಬಿಹಾರದಿಂದ ಬಂದ ಬಡಗಿಗಳು ಕಟ್ಟುತ್ತಿರುವ ಮನೆಯಲ್ಲೇ ಮಲಗಿ, ಚದರಡಿ ಲೆಕ್ಕದಲ್ಲಿ ದುಡಿಯುತ್ತಾರೆ. ಚದರಡಿ ಲೆಕ್ಕದಲ್ಲಿ ಮರ ಒಣಗಲು ಕಾಯುವ ದಿನಕ್ಕೆ ಕಾಸಿಲ್ಲ, ಉದ್ದ ತೂತು ಕೊರೆಯುವ ಅರ್ಧ ಗಂಟೆಗೂ ಕಾಸಿಲ್ಲ.

ಮೂಗಿಗೆ ಬಟ್ಟೆಯೂ ಇಲ್ಲದೆ ಎಂಡಿಎಫ್ ಕೊಯ್ಯುವುದನ್ನು ನೀವೂ ನೋಡಿರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗಿನೊಳಗಿನ ಕ್ಯಾನ್ಸರ್‌ಗೂ ಅದಕ್ಕೂ ನಂಟಿದೆ. ಭಾನುವಾರದ ಹವ್ಯಾಸಿ ಒಳ್ಳೆ ಮಾಸ್ಕ್ ಹಾಕಿಕೊಂಡೇ ಗರಗಸ ಹಿಡಿಯಬೇಕು. ವಾರದ ಆರು ದಿನವೂ ಅದೇ ಗಾಳಿ ಉಸಿರಾಡುವವರಿಗೆ ಆ ಮಾಸ್ಕ್ ಯಾರು ಕೊಡಬೇಕು?

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ತಂದಿತು. ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಬಡಗಿತನವೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಬೇಡ ಅನ್ನುವಂಥದ್ದಲ್ಲ. ಆದರೆ ನೆನಪಿಡಿ, ನನ್ನಂಥ ಹವ್ಯಾಸಿ ಡ್ರಿಲ್, ಸರ್ಕ್ಯುಲರ್ ಸಾ, ರೌಟರ್ ಕೊಳ್ಳುವಷ್ಟರಲ್ಲಿ 15,000 ಮುಗಿದಿರುತ್ತೆ. ಯೋಜನೆ ಸಲಕರಣೆ ಕೊಡುತ್ತೆ, ಸಾಲ ಕೊಡುತ್ತೆ. ಕೆಲಸದ ಬೆಲೆ ಮಾತ್ರ ಗಿರಾಕಿಯ ಚೌಕಾಸಿಗೇ ಬಿಟ್ಟಿದ್ದು.

ಮಣೆ ರಿಪೇರಿಗೆ ಎಷ್ಟು ಅಂತ ಕೇಳಿದಾಗ ಆಚಾರ್ರು "ಇರ್ಲಿ ಬಿಡಿ ಸಾರ್, ಏನ್ ಮಹಾ" ಅಂದಿದ್ದರು. ಒತ್ತಾಯ ಮಾಡಿ ಕೊಟ್ಟು ಬಂದೆ. ಬೆಂಚಿಗೆ ಯಾವ ಮರ ಅಂತ ಕೇಳಿದ್ದಕ್ಕೆ ಸಿಲ್ವರ್ ಓಕ್ ಅಂದವರು ಅವರೇ. ಆ ಹಲಗೆ ಈಗ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ, ತರಕಾರಿ ತೂಗುವ ತಕ್ಕಡಿಯಲ್ಲಿ ಕೂತಿದೆ. ಹೋದ ಭಾನುವಾರಕ್ಕಿಂತ 40 ಗ್ರಾಂ ಕಮ್ಮಿ. ಇನ್ನೂ ಕೊಯ್ಯೋ ಹಾಗಿಲ್ಲ.