ಬಚ್ಚಲಿನ ಗೋಡೆಯೂ ತೂಗುಗುಂಡೂ

ಕಣ್ಣಿಗೆ ನೆಟ್ಟಗೆ ಕಾಣುವ ಗೋಡೆಯೆಲ್ಲ ನೆಟ್ಟಗಿರುವುದಿಲ್ಲ. 2.4 ಮೀಟರು ಎತ್ತರದ ಗೋಡೆಯು ತಲೆಯಲ್ಲಿ 12 ಮಿಲಿಮೀಟರು ವಾಲಿದ್ದರೆ, ಆ ಕೋನವು ಒಂದು ಡಿಗ್ರಿಯ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಸುಣ್ಣ ಬಳಿದ ಬಚ್ಚಲುಮನೆಯಲ್ಲಿ ಅದನ್ನು ಯಾರೂ ಗಮನಿಸರು. ಆದರೆ ಅಲ್ಲಿ ಟೈಲುಗಳನ್ನು ಹೊದಿಸಿದೊಡನೆಯೇ ಪಕ್ಕದ ಗೋಡೆಯ ಮೂಲೆಯ ಸಾಲು ಬೆಣೆಯಂತೆ ಕಿರಿದಾಗಿ ಗುಟ್ಟು ರಟ್ಟಾಗುತ್ತದೆ.

ಇದನ್ನು ಮೊದಲೇ ತಿಳಿಯಲು ಗಾರೆಯವರು ತೂಗುಗುಂಡನ್ನು ಬಳಸುತ್ತಾರೆ. ದಾರದ ತುದಿಗೊಂದು ಗುಂಡು. ದಾರದ ಮೇಲೆ ಜಾರುವಂತೆ, ಗುಂಡಿನಷ್ಟೇ ಅಗಲವಾದ ಒಂದು ಬಿಲ್ಲೆ. ಬಿಲ್ಲೆಯನ್ನು ಗೋಡೆಯ ಮೇಲ್ಭಾಗಕ್ಕೆ ಒತ್ತಿ ಹಿಡಿದಾಗ ಕೆಳಗೆ ಗುಂಡು ಗೋಡೆಯನ್ನು ಸೋಕಿಯೂ ಸೋಕದಂತೆ ನಿಂತರೆ ಗೋಡೆ ಲಂಬವಾಗಿದೆ. ದೂರ ಸರಿದು ನಿಂತರೆ ಗೋಡೆಯ ತಲೆ ಮುಂದಕ್ಕೆ ವಾಲಿದೆ. ದಾರವು ಗುರುತ್ವದ ದಿಕ್ಕನ್ನು ತೋರಿಸುವುದಷ್ಟೆ. ಭೂಮಿ ದುಂಡಾಗಿರುವುದರಿಂದ, 3 ಮೀಟರು ಅಂತರದ ಎರಡು ದಾರಗಳು ಪರಸ್ಪರ ಸಮಾಂತರವಲ್ಲ. ಅವುಗಳ ನಡುವಣ ಕೋನ ಒಂದು ಸೆಕೆಂಡಿನ (ಡಿಗ್ರಿಯ 3600ನೆಯ ಒಂದು ಪಾಲಿನ) ಹತ್ತನೆಯ ಒಂದಂಶದಷ್ಟು. ಗಾರೆಯವರು ಇದಕ್ಕಾಗಿ ನಿದ್ದೆಗೆಡಬೇಕಾದ್ದಿಲ್ಲ.

ಉಬ್ಬುತಗ್ಗುಗಳನ್ನು ಕಾಣಲು ನೇರವಾದ ಮಟ್ಟಗೋಲನ್ನು ಗೋಡೆಗೆ ಆನಿಸಿದರೆ ಸಾಕು. ತಗ್ಗಿದ್ದಲ್ಲಿ ಟೈಲಿನ ಹಿಂದೆಯೇ ಗಾರೆಯನ್ನು ದಪ್ಪನಾಗಿ ಮೆತ್ತಿದರಾಯಿತೆಂದು ಹೇಳುವವರನ್ನು ನಾವು ಕೇಳಿದ್ದೇವೆ. ನಾವು ಇದನ್ನು ಒಪ್ಪುವುದಿಲ್ಲ. ಸಿಮೆಂಟಿನ ಗಾರೆ ಒಣಗುತ್ತ ಕುಗ್ಗುತ್ತದೆ. ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಕುಗ್ಗುವಿಕೆಯೂ ಹೆಚ್ಚುಕಡಿಮೆಯಾಗಿ ಬೆಸುಗೆ ಬಿಡುತ್ತದೆ. ಅಂತಹ ಟೈಲನ್ನು ಬೆರಳಗೆಣ್ಣಿನಿಂದ ತಟ್ಟಿರಿ: ಬೆನ್ನಿಗೆ ಆಸರೆಯಿಲ್ಲದ ಭಾಗವು ಸಣ್ಣ ಮದ್ದಳೆಯಂತೆ ಕಂಪಿಸಿ ಟೊಳ್ಳು ಸದ್ದು ಮಾಡುತ್ತದೆ. ಸಂದುಗಳಿಂದ ಇಳಿದ ನೀರು ಆ ಟೊಳ್ಳಿನಲ್ಲಿ ನಿಲ್ಲುತ್ತದೆ. ಮೀಯುವವರ ತಲೆಯ ಮೇಲೆಯೇ ಟೈಲು ಕಳಚಿ ಬೀಳಲೂಬಹುದು.

ಆದುದರಿಂದ ಹಳೆಯ ಸುಣ್ಣವನ್ನು ಕೆರೆದು, ಉಬ್ಬನ್ನು ಉಳಿಯಿಂದ ಕೆತ್ತಿ, ತಗ್ಗನ್ನು ಮೊದಲೇ ತುಂಬಬೇಕು. ಒಂದು ಸಲಕ್ಕೆ 10-12 ಮಿಲಿಮೀಟರಿಗೆ ಮೀರದ ಪದರ. ಮೇಲಿನ ಪದರ ಹಿಡಿದುಕೊಳ್ಳಲೆಂದು ಹಸಿಯಿರುವಾಗಲೇ ಅದರ ಮೇಲೆ ಕರಣೆಯ ಮೊನೆಯಿಂದ ಗೀರುಗಳು. ಇದಕ್ಕೆ ಮುಂಚೆ ಗೋಡೆಯನ್ನು ಚೆನ್ನಾಗಿ ನೆನೆಸಬೇಕು. ಇಲ್ಲದಿದ್ದರೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಗಾರೆಯ ನೀರನ್ನು ಹೀರಿಬಿಡುತ್ತವೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ನೀರಿನೊಡನೆ ರಾಸಾಯನಿಕವಾಗಿ ಕೂಡಿಯೇ ಅದು ಗಟ್ಟಿಯಾಗುವುದು. ಒಂದು ವಾರ ನೀರುಣಿಸುವುದು ಇದಕ್ಕಾಗಿಯೇ. ಅನಂತರ ಗೋಡೆ ಆರಿ, ಕುಗ್ಗುವಷ್ಟು ಕುಗ್ಗಲೆಂದು ಕೆಲವು ದಿನ ಕಾಯಬೇಕು. ನೀರು ಸದಾ ಬೀಳುವೆಡೆಯಲ್ಲಿ ಜಲನಿರೋಧಕ ಲೇಪವೂ ಅಗತ್ಯ.

ಟೈಲಿನ ಮೊದಲ ಸಾಲಿಗೆ ಗೆರೆ ಹಾಕಲು ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು. ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿರದಿದ್ದರೆ.