ಹುಬ್ಬಳ್ಳಿಯಿಂದ ಬಾದಾಮಿ: ಒಂದೇ ದಿನದ ಲೆಕ್ಕ

ಬಾದಾಮಿಗೆ ಒಂದೇ ದಿನದಲ್ಲಿ ಹೋಗಿ ಬರಬೇಕಾ? ಮೊದಲು ಐಹೊಳೆಯ ಆಸೆ ಬಿಡಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಒಂದೇ ದಿನ ಅಂದರೆ ನೋಡೋದಕ್ಕಿಂತ ಓಡೋದೇ ಜಾಸ್ತಿ.

ಹುಬ್ಬಳ್ಳಿಯಿಂದ ದೂರ ಸುಮಾರು 105 ಕಿಲೋಮೀಟರ್. ಗದಗ ಮೇಲಿಂದ ರೈಲಿದೆ, ಆದರೆ ಬಾದಾಮಿ ಸ್ಟೇಷನ್ ಊರೊಳಗಿಲ್ಲ. ಇನ್ನೂ ಐದು ಕಿಲೋಮೀಟರ್ ಟಂಟಂ ಹಿಡೀಬೇಕು. ಹತ್ತೋ ಮೊದಲೇ ರೇಟ್ ಮಾತಾಡಿ.

ನನ್ನ ಓಟು ಬಸ್ಸಿಗೆ. ಬೆಳಗ್ಗೆ ಬೇಗ ಹೊರಡಿ. ನೇರ ಬಸ್ ಸಿಗಲಿಲ್ವಾ? ವಿಜಯಪುರದ ಬಸ್ ಹತ್ತಿ, ನರಗುಂದ ದಾಟಿ ಕುಳಗೇರಿ ಕ್ರಾಸ್‌ನಲ್ಲಿ ಇಳೀರಿ. ಅಲ್ಲಿಂದ ಬಾದಾಮಿ ಬಸ್.

ಬಾದಾಮಿಗೆ ಬಂದ ತಕ್ಷಣ ಗುಹೆ ಹತ್ತಬೇಡಿ. ಮೊದಲು 22 ಕಿಲೋಮೀಟರ್ ದೂರದ ಪಟ್ಟದಕಲ್ಲು ಮುಗಿಸಿ. ಅಲ್ಲಿಗೆ ಬಸ್ಸಿಗಾಗಿ ಕಾಯೋದಕ್ಕಿಂತ, ನಾಲ್ಕು ಜನ ಸೇರಿ ಹೋಗಿ ಬರೋಕೆ ಆಟೋ ಮಾಡೋದೇ ವಾಸಿ. ವಾಪಸ್ ಬರುವಾಗ ಬನಶಂಕರಿ ಗುಡಿ ಹತ್ತಿರ ನಿಲ್ಲಿಸಿ. ಬುಟ್ಟಿ ಇಟ್ಟುಕೊಂಡು ಕೂತ ಅಮ್ಮಂದಿರ ಹತ್ರ ಜೋಳದ ರೊಟ್ಟಿ, ಕೆಂಪು ಚಟ್ನಿ, ಮಡಕೆ ಮೊಸರು. ಹೋಟೆಲ್ ಯಾಕೆ ಬೇಕು?

ಗುಹೆಗೆ ಮಧ್ಯಾಹ್ನದ ಮೇಲೆ ಹೋಗಿ. ಇಳಿಬಿಸಿಲಿಗೆ ಆ ಕೆಂಪು ಕಲ್ಲಿನ ಬಣ್ಣವೇ ಬೇರೆ. ಮೂರನೇ ಗುಹೆ ತಪ್ಪಿಸಬೇಡಿ: ಕ್ರಿ.ಶ. 578ರ, ಚಾಲುಕ್ಯರ ಮಂಗಲೇಶನ ಶಾಸನ ಇರೋದು ಅಲ್ಲೇ. ಕೈಯಲ್ಲಿ ತಿಂಡಿ ಪೊಟ್ಟಣ ಮಾತ್ರ ಬೇಡ, ಮಂಗಗಳು ಬಿಡಲ್ಲ.

ಹಾಂ, ಬೆಳಗ್ಗೆ ಇಳಿದಾಗಲೇ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಗೆ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳಿಟ್ಟುಕೊಳ್ಳಿ.